ದಿನಕ್ಕೆ ಎಂಟು ಯೂನಿಟ್

ಹತ್ತೊಂಬತ್ತನೇ ತಾರೀಕು, ಭಾನುವಾರ
ಮನೆಯಿಂದ

ಅಮ್ಮಾ,

ನಿನ್ನ ಕಿಡಿಗೆ ಇದ್ದಕ್ಕಿದ್ದಂತೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನನಗೆ ಸುಳ್ಳು ಬಹಳ ಸಲೀಸಾಗಿ ಬರುತ್ತದೆ. ಅದೂ ಅಲ್ಲದೆ ಅಕ್ಕ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾಳೆ. ನೀನು ಎರಡು ಮಾತಾಡಿ ಮೂರನೆಯದಕ್ಕೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಾನು "ಸುಸ್ತು ಮಾಡ್ಕೋಬೇಡ, ಇಡ್ತೀನಿ" ಎಂದುಬಿಡುತ್ತೇನೆ. ಎಂಟು ತಿಂಗಳಿಂದ ಹೀಗೇ ತಪ್ಪಿಸಿಕೊಂಡು ಬಂದಿದ್ದೇನೆ. ಕಾಗದವನ್ನು ಹಾಗೆ ಕಟ್ ಮಾಡಲು ಆಗುವುದಿಲ್ಲ.

ಕೂತಲ್ಲಿ ಕೂರಲು ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ತಾರಸಿಗೆ ಹೋಗಿ ಬಂದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮೊದಲು ಸುದ್ದಿ. ಹೋದ ಸೋಮವಾರ ನಗರಸಭೆಯಿಂದ ತಪಾಸಣೆಯ ಮೇಡಂ ಬಂದಿದ್ದರು. ಹನ್ನೆರಡನೆಯ ತಿಂಗಳ ಮೀಟರ್ ಓದಿಕೊಂಡರು. ಷರತ್ತು ನಿನಗೆ ಬಾಯಿಪಾಠ: ಪಾಳುಬಿದ್ದ ಮನೆಯನ್ನು ಸರಿಮಾಡಿಕೊಂಡು ಒಂದು ವರ್ಷ ಅದರಲ್ಲಿ ಬದುಕಿ ತೋರಿಸಬೇಕು. ಮನೆ ಎಷ್ಟು ಕರೆಂಟು ಬಳಸುತ್ತದೋ ಅಷ್ಟನ್ನು ಅದರ ಚಾವಣಿಯ ಸೋಲಾರೇ ಕೊಡಬೇಕು. ಜೊತೆಗೆ ಇನ್ನೂರೈವತ್ತು ಕಿಲೋ ಸೊಪ್ಪು ತರಕಾರಿ ಬೆಳೆಯಬೇಕು. ಎರಡೂ ಆದರೆ ಮನೆ ನಮ್ಮದು, ಒಂದು ತಪ್ಪಿದರೂ ಪಟ್ಟಿಯಲ್ಲಿ ನಮ್ಮ ಹಿಂದಿರುವವರದು. ನಮಗೆ ಎರಡೂ ಆಯಿತು ಅಮ್ಮ. ವರ್ಷದ ಕೊನೆಗೆ ಚಾವಣಿ ಕೊಟ್ಟದ್ದೇ ನೂರಾ ತೊಂಬತ್ತು ಯೂನಿಟ್ ಹೆಚ್ಚು. ತರಕಾರಿ ತೂಕದ ಪುಸ್ತಕ ನೋಡಿ ಮೇಡಂ, ಈ ಬೀದಿಯಲ್ಲಿ ಹೊರಗಿನ ಕರೆಂಟಿನ ಲೆಕ್ಕ ಸೊನ್ನೆಗೆ ಬಂದ ಮೊದಲನೇ ಮನೆ ನಿಮ್ಮದು ಅಂದರು. ಮನೆ ನಿಮ್ಮದಾಯಿತು ಎಂಬ ಕಾಗದಕ್ಕೆ ಅಲ್ಲೇ ಅಡುಗೆಮನೆಯ ಕಟ್ಟೆಯ ಮೇಲೆ ಸಹಿ ಹಾಕಿದರು.

ಆ ಕಾಗದ ಈಗ ನನ್ನ ಹತ್ತಿರ ಇಲ್ಲ. ಮೂರು ದಿನ ಇಟ್ಟುಕೊಂಡು, ನಾಲ್ಕನೆಯ ದಿನ ನಾನೇ ಹೋಗಿ ವಾಪಸ್ ಕೊಟ್ಟು ಬಂದೆ. ನಿನ್ನ ಎದೆ ಹೊಡೆದುಕೊಳ್ಳುವುದು ಬೇಡ, ನಿಧಾನ ಓದು. ಮಧ್ಯೆ ಮಧ್ಯೆ ನಿಲ್ಲಿಸಿ ಉಸಿರಾಡು.

ನಿನ್ನ ಕೋಣೆಯ ಗೋಡೆ ಇನ್ನೂ ಒಣಗಿಲ್ಲ ಎಂದು ಪ್ರತಿ ಭಾನುವಾರ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ಅದು ಐದೇ ವಾರಕ್ಕೆ ಒಣಗಿತ್ತು.

ಮೊದಲ ಐದು ವಾರ ಸುಳ್ಳಲ್ಲ, ಅಷ್ಟನ್ನಾದರೂ ನಂಬು. ಹಳೇ ಸಿಮೆಂಟು ಕೆತ್ತಿ ತೆಗೆದು, ಒಳಗೆ ಬಿಸಿಲ ಕಾವು ಇಳಿಯದಿರಲಿ ಎಂದು ನಾರು ಬೆರೆಸಿದ ಸುಣ್ಣದ ಗಾರೆಯನ್ನು ಮೇಸ್ತ್ರಿ ಗೇಣು ದಪ್ಪ ಮೆತ್ತಿದ್ದರು. ಆ ಧೂಳಿನಲ್ಲಿ, ಆ ತೇವದಲ್ಲಿ ನಿನ್ನನ್ನು ಮಲಗಿಸುವಂತಿರಲಿಲ್ಲ. ನಿನ್ನನ್ನು ಅಕ್ಕನ ಮನೆಗೆ ಬಿಟ್ಟು ಬಂದ ಆ ವಾರವೇ ಮೀಟರ್ ನೋಡಿದೆ. ಅಲ್ಲಿಂದ ಶುರುವಾಯಿತು ನನ್ನ ಕೇಡು. ನಾಲ್ಕು ತಿಂಗಳು ಏನು ಮಾಡಿದರೂ ಜಗ್ಗದೆ ಕೆಳಗೇ ಇದ್ದ ಲೆಕ್ಕ, ನೀನು ಹೋದ ಒಂದೇ ವಾರದಲ್ಲಿ ತಲೆ ಎತ್ತಿತ್ತು. ನಿನ್ನ ಆಕ್ಸಿಜನ್ ಯಂತ್ರ ಹಗಲೂ ರಾತ್ರಿ ಓಡಬೇಕು, ಅದಕ್ಕೆ ದಿನಕ್ಕೆ ಎಂಟು ಯೂನಿಟ್. ಉಳಿದ ಇಡೀ ಮನೆ, ನೀರಿನ ಪಂಪು, ಫ್ರಿಜ್ಜು, ಒಲೆ, ದೀಪ, ನಾನು, ಎಲ್ಲ ಸೇರಿ ಐದು.

ನಿನಗೆ ನೆನಪಿರಬಹುದು, ಆ ತಿಂಗಳುಗಳಲ್ಲಿ ನಾನು ಮನೆಯ ಪ್ರತಿ ಸಾಮಾನಿಗೂ ಚೀಟಿ ಅಂಟಿಸುತ್ತಿದ್ದೆ, ಯಾವುದು ಎಷ್ಟು ಕರೆಂಟು ಬಳಸುತ್ತದೆ ಎಂದು. ನಿನ್ನ ಯಂತ್ರಕ್ಕೂ ಅಂಟಿಸಿದೆ. ನೀನು ಅದನ್ನೂ ಓದಿದೆ. ಈಗ ಅದನ್ನು ನೆನೆದರೆ ನನ್ನ ಕೈ ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಐದು ವಾರ ಕಳೆದ ಮೇಲೆ ಮೇಸ್ತ್ರಿ ಗೋಡೆಗೆ ಅಂಗೈ ಒತ್ತಿ ನೋಡಿ, "ಒಣಗಿದೆಯಲ್ಲ, ಅಮ್ಮನ್ನ ಯಾವಾಗ ಕರ್ಕೊಂಡು ಬರ್ತೀಯಾ?" ಅಂದರು. ಮುಂದಿನ ವಾರ ಅಂದೆ. ಮುಂದಿನ ವಾರ ಮತ್ತೆ ಕೇಳಿದರು. ಅಕ್ಕನೇ ನಿನ್ನನ್ನು ಇನ್ನೊಂದಿಷ್ಟು ದಿನ ಇಟ್ಟುಕೊಳ್ಳುವ ಆಸೆಪಟ್ಟಿದ್ದಾಳೆ ಎಂದು ಅವರಿಗೆ ಹೇಳಿದೆ. ಅಕ್ಕನಿಗೆ ಗೋಡೆ ಹಸಿ ಅಂದೆ. ನಿನಗೆ, ಒಣಗದ ಮೂಲೆಯಲ್ಲಿ ಬೂಷ್ಟೂ ಬಂದಿದೆ ಅಂದೆ. ಮೂವರಿಗೆ ಮೂರು ನೆಪ, ಯಾರಿಗೆ ಯಾವುದು ಹೇಳಿದ್ದೇನೆ ಎಂಬುದನ್ನು ಮರೆಯದ ಹಾಗೆ ನನ್ನ ವೈರಿಂಗ್ ಕೆಲಸದ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದೆ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ, ಟಿಕೆಟ್ ತೆಗೆಯದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳ ಮಗಳು ನಾನು. ಮುಖ ಕಾಣದ ಹಾಗೆ ನೋಡಿಕೊಂಡೆ, ಅಷ್ಟೇ. ಎಂಟು ತಿಂಗಳಲ್ಲಿ ಮೂರು ಸಲ ಬಂದಿದ್ದೇನೆ ನಿನ್ನನ್ನು ನೋಡಲು, ಮೂರು ಸಲವೂ ಕೂತದ್ದು ಅರ್ಧ ಗಂಟೆ.

ಇನ್ನೂ ಇದೆ. ಇದನ್ನು ಬರೆಯಬೇಕಲ್ಲ ಎಂದು ಮತ್ತೊಮ್ಮೆ ಎದ್ದು ಹೋಗಿ ಗಿಡಗಳಿಗೆ ನೀರು ಬಿಟ್ಟು ಬಂದೆ. ಬೆಳಿಗ್ಗೆಯೇ ಬಿಟ್ಟಿದ್ದೆ.

ಕರೆಂಟು ಸರಿಹೋಯಿತು, ಆದರೆ ತರಕಾರಿ ತೂಕ ಬರುತ್ತಿರಲಿಲ್ಲ. ಅರ್ಧ ತಾರಸಿಯನ್ನು ಸೋಲಾರ್ ನುಂಗಿದೆ, ಅಂಗಳ ನಾಲ್ಕು ಹೆಜ್ಜೆ. ಟೊಮೆಟೊ, ಬೀನ್ಸು, ಸೊಪ್ಪು ಎಲ್ಲ ಸೇರಿಸಿದರೂ ತೊಂಬತ್ತು ಕಿಲೋ ಕಮ್ಮಿ. ಕತ್ತಲೆಯಲ್ಲಿ, ತಂಪಿನಲ್ಲಿ, ಕರೆಂಟಿಲ್ಲದೆ ಬೆಳೆಯುವುದು ಒಂದೇ, ಅಣಬೆ. ಮನೆಯಲ್ಲಿ ತಂಪಾಗಿ ಕತ್ತಲಾಗಿ ಖಾಲಿ ಬಿದ್ದಿದ್ದ ಕೋಣೆಯೂ ಒಂದೇ.

ನಿನ್ನ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಹುಲ್ಲು ತುಂಬಿದ ಅರವತ್ತು ಚೀಲಗಳನ್ನು ಸಾಲಾಗಿ ತೂಗುಹಾಕಿದೆ. ಚೆನ್ನಾಗಿ ಬೆಳೆಯಿತು ಅಮ್ಮ. ಬೀದಿಯವರೆಲ್ಲ ಬಂದು ಒಯ್ದರು, ಹೊಗಳಿದರು. ಆದರೆ ಅಣಬೆ ಬಲಿತರೆ ಅದರಿಂದ ಬಿಳೀ ಪುಡಿ ಉದುರುತ್ತದೆ, ಗಾಳಿಯಲ್ಲಿ ತೇಲುವಷ್ಟು ಸಣ್ಣದು. ಎರಡು ದಿನ ಬಟ್ಟೆ ಕಟ್ಟಿಕೊಳ್ಳದೆ ಒಳಗೆ ಹೋದದ್ದಕ್ಕೆ ನನಗೇ ವಾರವೆಲ್ಲ ಕೆಮ್ಮು. ಆ ಕೋಣೆಯಲ್ಲಿ ನೀನು ಒಂದು ದಿನ ಮಲಗಿದ್ದರೆ ಆಸ್ಪತ್ರೆಯೇ ಗತಿ. ಕೋಣೆ ನಿನಗೆ ಆಗಿಬರುವುದಿಲ್ಲ ಎಂಬ ಸುಳ್ಳನ್ನು ನನ್ನ ಕೈಯಾರೆ ನಿಜ ಮಾಡಿದೆ. ಮೇಸ್ತ್ರಿ ಆ ಚೀಲಗಳನ್ನು ನೋಡಿದ ಮೇಲೆ, ಅಮ್ಮ ಯಾವಾಗ ಬರ್ತಾರೆ ಎಂದು ಕೇಳುವುದನ್ನು ಬಿಟ್ಟರು. ಚಹಾ ಕೊಟ್ಟರೆ ಅಂಗಳದಲ್ಲೇ ನಿಂತು ಕುಡಿದು ಹೋಗುತ್ತಿದ್ದರು.

ಈಗ ಸೋಮವಾರಕ್ಕೆ ಬರುತ್ತೇನೆ. ಮೇಡಂ ಎಲ್ಲ ನೋಡಿ ಮುಗಿಸಿ ನಿನ್ನ ಕೋಣೆಯ ಬಾಗಿಲು ತೆರೆದರು. ಅಣಬೆ ನೋಡಿ ಖುಷಿಪಟ್ಟರು. ಆಮೇಲೆ ಫೈಲು ನೋಡಿ, "ಅರ್ಜಿಯಲ್ಲಿ ಇಬ್ಬರು ವಾಸ ಅಂತಿದೆ. ನಿಮ್ಮ ತಾಯಿ ಎಲ್ಲಿ ಮಲಗ್ತಾರೆ?" ಅಂದರು. ಮಹಡಿ ಮೇಲೆ ಅಂದೆ. ಈಗ ಕಾಣ್ತಿಲ್ಲವಲ್ಲ ಅಂದರು. ಅಂಗಡಿಗೆ ಹೋಗಿದಾರೆ, ಬರೋದು ತಡ ಆಗುತ್ತೆ ಅಂದೆ.

ಏಳು ಹೆಜ್ಜೆಗೊಮ್ಮೆ ನಿಲ್ಲುವ ನಿನ್ನನ್ನು ಮಹಡಿ ಹತ್ತಿಸಿದೆ, ಇಳಿಸಿದೆ, ಚೀಲ ಕೊಟ್ಟು ಅಂಗಡಿಗೂ ಕಳಿಸಿದೆ. ಮೇಡಂ ನಗುತ್ತಾ, "ಪುಣ್ಯವಂತರು ನೀವು, ಈ ವಯಸ್ಸಿಗೂ ಓಡಾಡ್ಕೊಂಡಿದಾರೆ" ಅಂದರು. ಹೂಂ ಅಂದೆ ಅಮ್ಮ. ನಗುತ್ತಲೇ ಹೂಂ ಅಂದೆ. ಅವರು "ಇಬ್ಬರು ವಾಸ" ಎಂದು ಬರೆದು ಗುರುತು ಹಾಕಿಕೊಂಡರು.

ಅದೇ ಸಂಜೆ ಅಕ್ಕ ಫೋನ್ ಮಾಡಿದಳು, ಅಪರೂಪಕ್ಕೆ ಸ್ಪೀಕರ್ ಇಲ್ಲದೆ, ಭಾವನ ಎದುರೂ ಅಲ್ಲ, ಮೆಟ್ಟಿಲ ಮೇಲೆ ನಿಂತು. ನಾನು ಸಿಹಿ ಸುದ್ದಿ ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅವಳು, "ಅಮ್ಮ ಮನೆಗೆ ಯಾವಾಗ ಹೋಗೋದು ಅಂತ ಕೇಳೋದು ಬಿಟ್ಟಿದಾಳೆ ಕಣೇ. ಎರಡು ತಿಂಗಳಾಯ್ತು. ನೀನು ಗಮನಿಸಿದೀಯಾ?" ಅಂದಳು. ಯಾಕೆ ಬಿಟ್ಟೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನೀನು ಕೇಳದಿದ್ದರೆ ನನಗೆ ನೆಪ ಹೇಳುವ ಕೆಲಸ ತಪ್ಪಿತು ಎಂದು ಹಾಯಾಗಿದ್ದೆ.

ಆಮೇಲೆ ಮೂರು ದಿನ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದೆ. ಸರಿಯಾಗಿದ್ದ ಸ್ವಿಚ್ ಬೋರ್ಡುಗಳನ್ನು ಬಿಚ್ಚಿ ಮತ್ತೆ ಕೂಡಿಸಿದೆ. ಕೆಲಸಕ್ಕೆ ಹೋದ ಕಡೆ ಒಂದು ಮನೆಯ ಅಡುಗೆಮನೆಗೂ ಬಚ್ಚಲಿಗೂ ತಂತಿ ಅದಲುಬದಲು ಮಾಡಿ ಬೈಸಿಕೊಂಡೆ. ಊಟಕ್ಕೆ ಕೂತರೆ ಎದುರಿನ ಕುರ್ಚಿಯ ಮೇಲೆ ಮನೆಯ ಕಾಗದ. ಈ ಮನೆಯನ್ನು ಮೊದಲು ನೋಡಿದ್ದು ನಾನಲ್ಲ, ನೀನು. ಇಪ್ಪತ್ತು ವರ್ಷ ಅದೇ ದಾರಿಯ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ, ಚಾವಣಿ ಸೀಳಿಕೊಂಡು ಮರ ಬೆಳೆದಿದ್ದ ಈ ಗೋಡೆಗಳನ್ನು ನೋಡಿದವಳು. ಹದಿಮೂರು ಬಾಡಿಗೆ ಕೋಣೆ ಬದಲಿಸಿದ ಮೇಲೆ, ಇನ್ನು ಯಾರೂ ಖಾಲಿ ಮಾಡು ಅನ್ನದ ಒಂದು ಬಾಗಿಲು ಬೇಕು ಅಂದವಳು. ಅರ್ಜಿ ತಂದವಳೂ ನೀನೇ. ಅಂಥವಳನ್ನೇ ನಾನು ಖಾಲಿ ಮಾಡಿಸಿದೆ.

ಶುಕ್ರವಾರ ಕಚೇರಿಗೆ ಹೋದೆ. ಮೇಡಂ ಎದುರು ಕೂತು ಎಲ್ಲ ಹೇಳಿದೆ, ಅಂಗಡಿಯದ್ದೂ ಸೇರಿಸಿ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕಾಯಿಲೆಯವರ ಯಂತ್ರಕ್ಕೆ ರಿಯಾಯಿತಿ ಇಲ್ಲವಾ ಎಂದು ಕೇಳಿದೆ. "ಅರ್ಜಿಯಲ್ಲಿ ಅಂಥ ಕಾಲಂ ಇಲ್ಲಮ್ಮ. ಯಾವ ಯಂತ್ರ ಯಾರದ್ದು ಅಂತ ಮೀಟರಿಗೆ ಗೊತ್ತಾಗಲ್ಲ" ಅಂದರು. ಕಾಗದ ವಾಪಸ್ ತೆಗೆದುಕೊಂಡರು. ನಾನು ಎದ್ದು ನಿಂತಾಗ ಮತ್ತೆ ಕೂರಿಸಿ, ಮನೆ ಕಿತ್ತುಕೊಳ್ಳುವುದಿಲ್ಲ, ನಿಮ್ಮ ತಾಯಿ ಬಂದು ಯಂತ್ರ ಹಾಕಿದ ದಿನದಿಂದ ಹೊಸದಾಗಿ ಒಂದು ವರ್ಷ ಎಣಿಸುತ್ತೇವೆ ಅಂದರು. ಆಗಲೂ ತಪ್ಪಿದರೆ ಪಟ್ಟಿಯ ಮುಂದಿನವರಿಗೆ, ಮೂರನೇ ಅವಕಾಶ ಇಲ್ಲ. ಪಟ್ಟಿಯಲ್ಲಿ ಮುಂದೆ ಇರುವುದು ನಾಲ್ಕು ಮಕ್ಕಳ ಸಂಸಾರವಂತೆ.

ಸುಳ್ಳು ಧೈರ್ಯ ಕೊಡಲು ಈ ಪತ್ರ ಬರೆಯುತ್ತಿಲ್ಲ. ಟೊಮೆಟೊ ಮಡಿಗಳ ಮೇಲೆ ಇನ್ನೂ ನಾಲ್ಕು ಪ್ಯಾನೆಲ್ ಎತ್ತರಿಸಿ ನಿಲ್ಲಿಸಿದರೆ ನಿನ್ನ ಎಂಟು ಯೂನಿಟ್ ಹೆಚ್ಚುಕಡಿಮೆ ಸಿಗುತ್ತದೆ. ಆದರೆ ನೆರಳಿನಲ್ಲಿ ಟೊಮೆಟೊ ಬರುವುದಿಲ್ಲ, ಸೊಪ್ಪು ಮಾತ್ರ. ಅಣಬೆಯನ್ನು ಇನ್ನು ಈ ಮನೆಯೊಳಗೆ ತರುವುದಿಲ್ಲ. ಇನ್ನೂರೈವತ್ತು ಕಿಲೋ ಎಲ್ಲಿಂದ ತರಲಿ, ಗೊತ್ತಿಲ್ಲ. ಗೋಡೆಗೆ ಬಳ್ಳಿ ಹಬ್ಬಿಸಬೇಕು, ಕಿಟಕಿ ಕಿಟಕಿಗೆ ಡಬ್ಬ ಕಟ್ಟಬೇಕು. ಮೇಸ್ತ್ರಿ ಪಕ್ಕದ ಖಾಲಿ ಗೋದಾಮಿನ ಗೋಡೆ ಕೇಳಿ ನೋಡೋಣ ಅಂದಿದ್ದಾರೆ. ಮನೆ ಹೋದರೆ ಹೋಗಲಿ ಎಂದು ದೊಡ್ಡ ಮಾತಾಡಲು ನನಗೆ ಬಾಯಿ ಬರುವುದಿಲ್ಲ ಅಮ್ಮ. ಹೋದರೆ ನನ್ನ ಜೀವ ಹೋದಷ್ಟು ಸಂಕಟವಾಗುತ್ತದೆ. ಆದರೆ ನಿನ್ನನ್ನು ಹೊರಗಿಟ್ಟು ಬಂದ ಸೊನ್ನೆಯ ಜೊತೆ ಒಬ್ಬಳೇ ಇರಲು ನನ್ನಿಂದ ಆಗುತ್ತಿಲ್ಲ.

ನಿನ್ನೆ ಮೇಸ್ತ್ರಿ, ನಾನು ಸೇರಿ ಚೀಲಗಳನ್ನೆಲ್ಲ ಹೊರಗೆ ಸಾಗಿಸಿದೆವು. ಕೋಣೆಯನ್ನು ಮೂರು ಸಲ ತೊಳೆದು, ಸುಣ್ಣ ಬಳಿದು, ಕಿಟಕಿ ತೆರೆದಿಟ್ಟಿದ್ದೇನೆ. ಇನ್ನೆರಡು ವಾರ ಗಾಳಿಯಾಡಬೇಕು. ಇದು ನೆಪವಲ್ಲ. ಬೇಕಾದರೆ ಮೇಸ್ತ್ರಿಗೆ ಫೋನ್ ಮಾಡಿ ಕೇಳು.

ಬರುತ್ತೀಯಾ? ಬೈಯುವುದಿದ್ದರೆ ಬೈದುಕೊಂಡೇ ಬಾ. ಬರುವುದಿಲ್ಲ ಅಂದರೂ ಅದು ನಿನ್ನ ಕೈಯಲ್ಲೇ ಬರೆದು ಬರಲಿ, ಅಕ್ಕನ ಬಾಯಲ್ಲಿ ಬೇಡ.

ನಿನ್ನ ಚಿಕ್ಕವಳು,
ಕಿಡಿ


ಇಪ್ಪತ್ತೇಳು, ಸೋಮವಾರ
ಅಕ್ಕನ ಮನೆ

ಕಿಡೀ,

ಪತ್ರ ಬಂತು. ಮೂರು ಸಲ ಓದಿದೆ. ಎರಡು ಸಲ ಬೈದೆ. ಮೂರನೇ ಸಲ ಅಳು ಬಂತು, ಅಳುವುದಕ್ಕೂ ಉಸಿರು ಬೇಕು, ಬಿಟ್ಟೆ. ಇದನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ, ದಿನಕ್ಕೆ ಒಂದಿಷ್ಟು.

ಗೋಡೆ ಒಣಗಿದ್ದು ನನಗೆ ಗೊತ್ತು. ಇಲ್ಲಿಗೆ ಬಂದ ಎರಡನೇ ತಿಂಗಳೇ ಮೇಸ್ತ್ರಿಗೆ ಫೋನ್ ಮಾಡಿದ್ದೆ. ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೇಳಿದ್ದಕ್ಕೆ ಬರೀ ಕೆಮ್ಮಿದರು. ನಾನೂ ಹೆಚ್ಚು ಕೇಳಲಿಲ್ಲ. ನಾನು ಫೋನ್ ಮಾಡಿದ್ದನ್ನು ನಿನಗೆ ಹೇಳಬೇಡಿ ಅಂದಿದ್ದೆ, ಅದಕ್ಕೇ ಅವರು ನಿನ್ನ ಎದುರು ಚಹಾ ಕುಡಿಯಲು ಕೂರುತ್ತಿರಲಿಲ್ಲವೇನೋ. ಅವರ ಮೇಲೆ ಸಿಟ್ಟಾಗಬೇಡ. ಅಕ್ಕನ ಮೇಲೂ ಬೇಡ, ಅವಳು ಎಂಟು ತಿಂಗಳು ಟಿವಿ ಸದ್ದು ಜೋರು ಮಾಡದೆ ಈ ಯಂತ್ರದ ಗೊರಗೊರ ಕೇಳಿದ್ದಾಳೆ. ಭಾವ ಒಂದು ದಿನ ಮುಖ ಗಂಟು ಹಾಕಿದವರಲ್ಲ.

ಮನೆಗೆ ಯಾವಾಗ ಎಂದು ಕೇಳುವುದನ್ನು ಬಿಟ್ಟದ್ದು ಬೇಜಾರಿಗಲ್ಲ. ವರ್ಷ ಮುಗಿಯಲು ಎರಡು ತಿಂಗಳಿತ್ತು, ನಾನು ಕೇಳಿ ಕೇಳಿ ನಿನ್ನ ಮನಸ್ಸು ಕೆಡಿಸಬಾರದು ಅಂದುಕೊಂಡೆ. ನನಗೆ ಆ ಬಾಗಿಲು ಬೇಕಾಗಿದ್ದು ನನಗೋಸ್ಕರ ಅಲ್ಲವೇ ಹುಚ್ಚಿ. ನಾನು ಇನ್ನೆಷ್ಟು ದಿನ ಕರೆಂಟು ಸುಡುತ್ತೇನೆ. ನಾನಿಲ್ಲದ ದಿನ ನಿನ್ನನ್ನು ಯಾರೂ ಖಾಲಿ ಮಾಡು ಅನ್ನಬಾರದು, ಅಷ್ಟೇ ಇದ್ದದ್ದು ತಲೆಯಲ್ಲಿ. ಕೈಗೆ ಬಂದ ಕಾಗದವನ್ನು ವಾಪಸ್ ಕೊಟ್ಟು ಬಂದೆಯಲ್ಲ, ಮೊದಲ ಓದಿಗೆ ಪೊರಕೆ ತೆಗೆದುಕೊಳ್ಳುವಷ್ಟು ಸಿಟ್ಟು ಬಂತು.

ಆಮೇಲೆ ಇನ್ನೊಂದು ಸಲ ಓದಿದೆ. ಸರಿ, ಬರುತ್ತೇನೆ. ನಿನ್ನ ಎರಡು ವಾರ ಗಾಳಿಯಾಡಲಿ. ಆಮೇಲಿನ ಭಾನುವಾರ ಭಾವ ಮತ್ತು ಎದುರು ಮನೆಯವರು ನನ್ನನ್ನು ಕುರ್ಚಿ ಸಮೇತ ಮೂರು ಮಹಡಿ ಇಳಿಸುತ್ತಾರಂತೆ. ಬೀನ್ಸು ಸೋಸುವುದು, ಬೀಜ ಬಿಡಿಸುವುದು ಕೂತಲ್ಲೇ ಆಗುವ ಕೆಲಸ, ನನಗೆ ಕೊಡು. ಇನ್ನೂರೈವತ್ತು ಕಿಲೋ ಆಗುತ್ತದೋ ಇಲ್ಲವೋ ಇಬ್ಬರೂ ಕೂತು ನೋಡೋಣ. ಆಗದಿದ್ದರೆ ಹದಿನಾಲ್ಕನೇ ಬಾಡಿಗೆ ಕೋಣೆ, ನನಗೇನು ಅಭ್ಯಾಸ ಇಲ್ಲವೇ. ನನ್ನನ್ನು ಅಂಗಡಿಗೆ ಕಳಿಸಿದ್ದಕ್ಕೆ ಮಾತ್ರ ಬಂದ ಮೇಲೆ ಇದೆ ನಿನಗೆ.

ಅಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನೀನು ನನ್ನನ್ನು ಕಳಿಸಿದೆ ಎಂದು ಕೊರಗಬೇಡ, ನಾನೇ ಹೊರಟು ಬಂದದ್ದು. ಮೋಡ ಕವಿದು ಚಾವಣಿಯ ಕರೆಂಟು ಸಾಲದಿದ್ದ ಆ ಮೊದಲ ತಿಂಗಳುಗಳಲ್ಲಿ, ನೀನು ಕೆಲಸಕ್ಕೆ ಹೋದ ಮೇಲೆ, ಒಂದೆರಡು ಯೂನಿಟ್ ಉಳಿಯಲಿ ಎಂದು ಪ್ರತಿ ಮಧ್ಯಾಹ್ನ ನಾನು ಯಂತ್ರ ಆರಿಸಿ ಕೂರುತ್ತಿದ್ದೆ. ಮೊದಮೊದಲು ಅರ್ಧ ಗಂಟೆ, ಆಮೇಲೆ ಎರಡು ಗಂಟೆ. ಅಲ್ಲಾಡದೆ ಕೂತರೆ ತಡೆಯಬಹುದಿತ್ತು. ಒಂದು ದಿನ ನೀನು ಬೇಗ ಬಂದು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದ ನನ್ನನ್ನು ಎತ್ತಿ ಕೂರಿಸಿದೆ, ನಾನು ಕಾಲು ಜಾರಿತು ಅಂದೆ. ಜಾರಿರಲಿಲ್ಲ. ಅಷ್ಟಾದರೂ ಮಾರನೆಯ ದಿನ ಕೈ ಯಂತ್ರದ ಗುಂಡಿಗೇ ಹೋಯಿತು. ಆಗ ನನಗೇ ಭಯವಾಗಿ, ನೀನು ಗೋಡೆಯ ಮಾತೆತ್ತಿದ ಕೂಡಲೇ ಚೀಲ ತುಂಬಿದೆ. ಈಗ ಬರುತ್ತಿದ್ದೇನೆ, ಆದರೆ ಮತ್ತೆ ಮೋಡ ಬಂದರೆ ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಯಂತ್ರದ ಗುಂಡಿಗೆ ಬಿಚ್ಚಲಾಗದಂಥ ಮುಚ್ಚಳ ಮಾಡಿಸು. ಗೋಡೆಯ ಸ್ವಿಚ್ಚನ್ನು ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ ಹಾಕು.